ಪೈಪ್ ಯಾಕೆ ಕಹಿ ಹೊಡೆಯುತ್ತದೆ

ಹೊಸದಾಗಿ ತಂಬಾಕು ಸೇದುವ ಪೈಪ್ ಹಿಡಿದವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಡಬ್ಬಿ ತೆಗೆದರೆ ಘಮ್ಮನೆ ವೆನಿಲಾ, ಚೆರ್ರಿ, ಚಾಕೊಲೇಟ್ ವಾಸನೆ. ಹಚ್ಚಿ ಎಳೆದರೆ ಬರೀ ಬಿಸಿ ಹೊಗೆ, ಅದರ ಹಿಂದೆಯೇ ಕಹಿ, ಅರ್ಧ ಬೌಲ್ (ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲು) ಮುಗಿಯುವಷ್ಟರಲ್ಲಿ ನಾಲಿಗೆ ತುದಿ ಚುರುಚುರು. ಆಗ ಎಲ್ಲರೂ ಇನ್ನೊಂದು ಡಬ್ಬಿ ತರುತ್ತಾರೆ. ಅದೂ ಹಾಗೇ. ಮತ್ತೊಂದು ತರುತ್ತಾರೆ. ನನ್ನ ಕೇಳಿದರೆ ಬಹಳಷ್ಟು ಸಲ ತಪ್ಪು ತಂಬಾಕಿನದ್ದಲ್ಲವೇ ಅಲ್ಲ. ಒಂದೋ ತೇವ ಜಾಸ್ತಿ, ಒಂದೋ ಶಾಖ ಜಾಸ್ತಿ, ಇಲ್ಲಾಂದ್ರೆ ಪೈಪಿನ ಒಳಗೆ ಹಳೇ ಗಲೀಜು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಪೈಪ್‌ನಿಂದ ಏನೂ ಆಗಲ್ಲ ಅನ್ನುವವರ ಮಾತು ನಂಬಬೇಡಿ. ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ, ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಇದುವರೆಗೆ ಸೇದದವರು ಇದನ್ನು ಓದಿ ಶುರು ಮಾಡುವ ಅಗತ್ಯ ಖಂಡಿತ ಇಲ್ಲ. ಇದು ಈಗಾಗಲೇ ಸೇದುತ್ತಾ, ಯಾಕೆ ರುಚಿ ಬರ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಿರುವವರಿಗೆ.

ತೇವದ ವಿಷಯದಿಂದ ಶುರು ಮಾಡೋಣ, ಯಾಕಂದ್ರೆ ಅರ್ಧ ತೊಂದರೆ ಇಲ್ಲೇ ಇರುವುದು. ಅಂಗಡಿಯಿಂದ ಬಂದ ತಂಬಾಕು ಸಾಮಾನ್ಯವಾಗಿ ಸೇದುವುದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಒದ್ದೆ ಇರುತ್ತದೆ. ಡಬ್ಬಿಯಲ್ಲಿ ಒಣಗಿ ಪುಡಿಯಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಪರಿಮಳ ಹಾಕಿದ ತಂಬಾಕಿನಲ್ಲಿ ಇದು ಇನ್ನೂ ಜಾಸ್ತಿ, ಎಷ್ಟೋ ಮಿಶ್ರಣಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುತ್ತಾರೆ, ಅದು ನೀರನ್ನು ಬಿಟ್ಟುಕೊಡುವುದೇ ಇಲ್ಲ. ಒದ್ದೆ ತಂಬಾಕಿಗೆ ಬೆಂಕಿ ಹಚ್ಚಿದರೆ ಆ ಬೆಂಕಿಯ ಶಕ್ತಿ ಮೊದಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಕೆಂಡ ಆರುತ್ತದೆ. ಆರುತ್ತಿದೆ ಅಂತ ನೀವು ಜೋರಾಗಿ ಎಳೆಯುತ್ತೀರಿ, ಹಾಗೆ ಎಳೆದಾಗ ಆವಿ ನೇರ ನಾಲಿಗೆಗೆ ಹೊಡೆಯುತ್ತದೆ. ಒಣ ಹೊಗೆಗಿಂತ ಆವಿ ಬೇಗ ಸುಡುತ್ತದೆ. ದಾರಿಯಲ್ಲಿ ತಣ್ಣಗಾದ ಆವಿ ನೀರಾಗಿ ಟಾರಿನ ಜೊತೆ ಸೇರಿ ಕಂದು ರಸವಾಗುತ್ತದೆ. ಗೊರಗೊರ ಸದ್ದು ಮಾಡಿ ಬಾಯಿಗೆ ಬರುವ ಆ ಕಹಿ ಇದೇ.

ಪರೀಕ್ಷೆ ಸುಲಭ. ಒಂದು ಚಿಟಿಕೆ ತಂಬಾಕನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಒತ್ತಿ ಬಿಡಿ. ಉಂಡೆಯಾಗಿ ಅಂಟಿಕೊಂಡೇ ಇದ್ದರೆ ಒದ್ದೆ. ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ. ಪುಡಿಪುಡಿಯಾದರೆ ಒಣಗಿದ್ದು ಜಾಸ್ತಿಯಾಯಿತು. ಒಂದು ಬೌಲ್‌ಗೆ ಬೇಕಾದಷ್ಟನ್ನು ಮಾತ್ರ ಕಾಗದದ ಮೇಲೆ ತೆಳ್ಳಗೆ ಹರಡಿ, 20 ನಿಮಿಷದಿಂದ ಒಂದು ಗಂಟೆವರೆಗೆ ಸುಮ್ನೆ ಬಿಡಿ. ಗಾಳಿ ಒದ್ದೆಯಿರುವ ದಿನ ಇನ್ನೂ ಹೊತ್ತು ಬೇಕಾಗಬಹುದು. ಬಿಲ್ಲೆಯಾಗಿ ಒತ್ತಿ ಕತ್ತರಿಸಿದ ಫ್ಲೇಕ್ ಇದ್ದರೆ ಮೊದಲು ಕೈಯಲ್ಲಿ ಉಜ್ಜಿ ಬಿಡಿಸಿ, ಆಮೇಲೆ ಹರಡಿ. ಗ್ಲೈಕಾಲ್ ಹಾಕಿದ ತಂಬಾಕು ಎಷ್ಟು ಹೊತ್ತು ಬಿಟ್ಟರೂ ಮುಟ್ಟಿದರೆ ಮೆತ್ತಗೇ ಇರುತ್ತದೆ, ಅದಕ್ಕೆ ಕಾಯುತ್ತಾ ಕೂರಬೇಡಿ, ಒಂದು ಗಂಟೆ ಆದ ಮೇಲೆ ತುಂಬಿ ನೋಡಿ. ಒಣಗಿಸಿದರೆ ರುಚಿ ಹೋಗುತ್ತದೆ ಅಂತ ಹೆದರುವವರು ಜಾಸ್ತಿ, ಆದರೆ ಹದವಾಗಿ ಒಣಗಿಸಿದಾಗಲೇ ರುಚಿ ಗೊತ್ತಾಗುವುದು.

ಡಬ್ಬಿಯ ವಾಸನೆ ಹಾಗೇ ಬಾಯಿಗೆ ಬರುವುದಿಲ್ಲ, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ವೆನಿಲಾ, ಚೆರ್ರಿ ಎಲ್ಲ ಮೇಲೆ ಸಿಂಪಡಿಸಿದ ಪರಿಮಳ. ಅದರ ಸುಖ ಹೆಚ್ಚಾಗಿ ಪಕ್ಕದಲ್ಲಿ ಕೂತವರಿಗೆ. ಸೇದುವವರಿಗೆ ಸಿಗುವುದು ಎಲೆಯ ರುಚಿ. ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಅಂಶ ಜಾಸ್ತಿ, ಹುಲ್ಲು ಮತ್ತು ಸಿಹಿ ಬೆರೆತ ರುಚಿ, ಆದರೆ ಅವಸರದಲ್ಲಿ ಎಳೆದರೆ ನಾಲಿಗೆ ಕಚ್ಚುವುದರಲ್ಲಿ ಅದೇ ಮುಂದು. ಬರ್ಲಿಯಲ್ಲಿ ಸಕ್ಕರೆ ತೀರಾ ಕಡಿಮೆ, ಬೀಜದಂಥ ಒಗರು ರುಚಿ. ಲಟಕಿಯಾ ಹೊಗೆ ಹಾಕಿ ಒಣಗಿಸಿದ ಎಲೆ, ಮೂಗಿಗೆ ಸೌದೆ ಒಲೆಯ ಹೊಗೆ ಹೊಡೆದಂತಾಗುತ್ತದೆ, ಮೊದಲ ಸಲ ಮುಖ ಸಿಂಡರಿಸುವವರೇ ಜಾಸ್ತಿ. ಆದರೂ ಹೊಸಬರಿಗೆ ನಾನು ಸಿಹಿ ಪರಿಮಳದ ತಂಬಾಕಿಗಿಂತ ಇದನ್ನೇ ಹೇಳುತ್ತೇನೆ. ಒದ್ದೆ ಕಡಿಮೆ, ನಾಲಿಗೆಗೂ ಮೃದು. ಇನ್ನೊಂದು ವಿಷಯ, ರುಚಿಯ ಬಹುಪಾಲು ಮೂಗಿನ ಕೆಲಸ. ಬಾಯಲ್ಲಿರುವ ಹೊಗೆಯಲ್ಲಿ ಸ್ವಲ್ಪವನ್ನು ಮೂಗಿನಿಂದ ಮೆಲ್ಲಗೆ ಹೊರಗೆ ಬಿಟ್ಟು ನೋಡಿ, ಎದೆಗೆ ಎಳೆದುಕೊಳ್ಳದೆ. ಏನೂ ಇಲ್ಲ ಅಂದುಕೊಂಡ ತಂಬಾಕಿನಲ್ಲೂ ಏನೋ ಇದೆ ಅಂತ ಗೊತ್ತಾಗುತ್ತದೆ.

ತುಂಬುವುದು ದೊಡ್ಡ ವಿದ್ಯೆ ಏನಲ್ಲ. ಕೆಳಗೆ ಸಡಿಲ, ಮಧ್ಯೆ ಸ್ವಲ್ಪ ಬಿಗಿ, ಮೇಲೆ ಇನ್ನೂ ಸ್ವಲ್ಪ ಬಿಗಿ. ಹಚ್ಚುವ ಮೊದಲೇ ಒಂದು ಸಲ ಎಳೆದು ನೋಡಬೇಕು, ಸ್ಟ್ರಾದಲ್ಲಿ ನೀರು ಎಳೆಯುವಾಗ ಇರುವಷ್ಟೇ ತಡೆ ಇರಬೇಕು. ಕೆನ್ನೆ ಒಳಗೆ ಹೋಗುವಷ್ಟು ಬಿಗಿ ಇದ್ದರೆ ಟ್ಯಾಂಪರಿನಿಂದ, ಅಂದರೆ ತಂಬಾಕು ಒತ್ತುವ ಪುಟ್ಟ ಸಲಕರಣೆಯಿಂದ, ತಿದ್ದಲು ಹೋಗಬೇಡಿ, ಪೂರ್ತಿ ಸುರಿದು ಮತ್ತೆ ತುಂಬಿ. ಬೆಂಕಿಕಡ್ಡಿಯಾದರೆ ಮದ್ದು ಉರಿದು ಹೋಗುವವರೆಗೆ ಕಾದು ಹಚ್ಚಿ. ಪೆಟ್ರೋಲ್ ಲೈಟರ್ ಬೇಡ, ಎಣ್ಣೆ ವಾಸನೆ ಮೊದಲ ದಮ್ಮಿನಲ್ಲೇ ಬರುತ್ತದೆ. ಜೆಟ್ ಲೈಟರ್ ಅಂತೂ ಬೌಲಿನ ಅಂಚನ್ನೇ ಸುಟ್ಟು ಕರಿ ಮಾಡುತ್ತದೆ. ಮೊದಲ ಸಲ ಹಚ್ಚಿದಾಗ ತಂಬಾಕು ಉಬ್ಬಿ ಮೇಲೇಳುತ್ತದೆ, ಅದನ್ನು ಟ್ಯಾಂಪರಿನ ಭಾರದಷ್ಟೇ ಒತ್ತಿ ಸಮ ಮಾಡಿ ಎರಡನೇ ಸಲ ಹಚ್ಚಿ.

ಆಮೇಲೆ ನಿಧಾನ. ಇದೇ ಕಷ್ಟದ ಭಾಗ. ಸಿಗರೇಟ್ ಬಿಟ್ಟು ಪೈಪ್‌ಗೆ ಬಂದವರಿಗೆ ಬುಸುಬುಸು ಹೊಗೆ ಕಾಣದಿದ್ದರೆ ಸಮಾಧಾನವೇ ಇಲ್ಲ. ಬೌಲನ್ನು ಕೆನ್ನೆಗೆ ಒತ್ತಿ ಹಿಡಿಯಿರಿ, ಹಿಡಿಯಲು ಆಗದಷ್ಟು ಸುಡುತ್ತಿದ್ದರೆ ಕೆಳಗಿಡಿ, ಆರಿಹೋಗಲಿ ಬಿಡಿ. ಪೈಪ್ ಆರಿಹೋಗುವುದು ಅವಮಾನ ಅಲ್ಲ, ಎಷ್ಟೋ ವರ್ಷದಿಂದ ಸೇದುವವರೂ ಒಂದು ಬೌಲ್‌ಗೆ ಹಲವು ಸಲ ಹಚ್ಚುತ್ತಾರೆ. ಮತ್ತೆ ಹಚ್ಚುವ ಮುಂಚೆ ಮೇಲಿನ ಸಡಿಲ ಬೂದಿ ಉದುರಿಸಿ. ಗೊರಗೊರ ಸದ್ದು ಶುರುವಾದರೆ ಪೈಪ್ ಕ್ಲೀನರನ್ನು (ನೂಲು ಸುತ್ತಿದ ತೆಳು ತಂತಿ) ಸ್ಟೆಮ್, ಅಂದರೆ ಬಾಯಲ್ಲಿಡುವ ಕೊಳವೆಯ, ಕಡೆಯಿಂದ ಬೌಲ್ ತಳ ಮುಟ್ಟುವ ತನಕ ತೂರಿಸಿ, ಎರಡು ಕ್ಷಣ ಬಿಟ್ಟು ತೆಗೆಯಿರಿ. ಸ್ಟೆಮ್ ಮಾತ್ರ ಬಿಚ್ಚಬೇಡಿ. ಬಿಸಿ ಇರುವಾಗ ಮರ ಹಿಗ್ಗಿರುತ್ತದೆ, ಎಳೆದರೆ ಒಳಗೆ ಕೂರುವ ತುದಿ ಮುರಿಯುತ್ತದೆ, ಇಲ್ಲವೇ ಕೂರುವ ಜಾಗ ಸಡಿಲವಾಗಿ ಸ್ಟೆಮ್ ಕೈಗೇ ಬರಲು ಶುರುವಾಗುತ್ತದೆ.

ಇದೆಲ್ಲ ಸರಿ ಇದ್ದೂ ಕಹಿ ಬರುತ್ತಿದೆ ಅಂದರೆ ಪೈಪ್ ಗಲೀಜಾಗಿದೆ. ಗೆಳೆಯನೊಬ್ಬ ತನ್ನ ಬ್ರಯರ್ (ಪೈಪ್ ಮಾಡುವ ಒಂದು ಗಟ್ಟಿ ಮರ) ಪೈಪನ್ನು ನನ್ನ ಕೈಗೆ ಕೊಟ್ಟು, ವಾರಕ್ಕೊಂದು ಸಲ ಕ್ಲೀನ್ ಮಾಡ್ತೀನಿ, ಆದ್ರೂ ಹೀಗೇ ಅಂದ. ಹೊರಗೆ ಮಿರಮಿರ ಮಿಂಚುತ್ತಿತ್ತು, ಬೌಲ್ ಒಳಗೂ ಚೊಕ್ಕಟ. ಸ್ಟೆಮ್ ಬಿಚ್ಚಿ ಶ್ಯಾಂಕಿನ (ಬೌಲಿನಿಂದ ಸ್ಟೆಮ್‌ವರೆಗಿನ ಮರದ ಕತ್ತು) ಒಳಗೆ, ಸ್ಟೆಮ್ಮಿನ ತುದಿ ಹೋಗಿ ಕೂರುವ ಗುಳಿಗೆ, ಒಂದು ಕ್ಲೀನರನ್ನು ಎರಡಾಗಿ ಮಡಚಿ ಸ್ಪಿರಿಟ್‌ನಲ್ಲಿ ಅದ್ದಿ ತಿರುಗಿಸಿದೆ. ಕಪ್ಪು ಕಾಡಿಗೆಯೇ ಬಂತು. ಇನ್ನೊಂದು ಹಾಕಿದೆ, ಅದೂ ಕಪ್ಪು. ಹಾಕುತ್ತಾ ಹೋದಂತೆ ಕಂದು, ಆಮೇಲೆ ಹಳದಿ, ಕೊನೆಗೆ ಬಿಳಿ. ಹೊಗೆಯ ರಸ ಹೋಗಿ ನಿಲ್ಲುವ ಜಾಗ ಅದು. ಪ್ರತಿ ದಮ್ಮೂ ಆ ಹಳೇ ಟಾರನ್ನು ಸವರಿಕೊಂಡೇ ಬಾಯಿಗೆ ಬರಬೇಕು. ಬೌಲ್ ಎದುರಿಗೆ ಕಾಣುತ್ತದೆ ಅಂತ ಎಲ್ಲರೂ ಅದನ್ನೇ ಉಜ್ಜುತ್ತಾರೆ, ಈ ಗುಳಿಯನ್ನು ಯಾರೂ ನೋಡುವುದಿಲ್ಲ.

ಹಾಗಾಗಿ ಪ್ರತಿ ಸಲ ಸೇದಿ ಪೈಪ್ ಪೂರ್ತಿ ತಣ್ಣಗಾದ ಮೇಲೆ ಬೂದಿ ಸುರಿದು, ಕಾಗದ ಸುತ್ತಿ ಬೌಲ್ ಒರೆಸಿ, ಒಣ ಕ್ಲೀನರ್ ತೂರಿಸಿ. ಬೂದಿ ಬೀಳಲಿ ಅಂತ ಗಟ್ಟಿ ಅಂಚಿಗೆ ಕುಟ್ಟಬೇಡಿ, ಶ್ಯಾಂಕ್ ಬಿರುಕು ಬಿಡುವುದು ಹೀಗೇ. ಕೆಲವು ಬೌಲ್‌ಗೊಮ್ಮೆ ಸ್ಪಿರಿಟ್ ಹಚ್ಚಿದ ಕ್ಲೀನರ್. ಸ್ಪಿರಿಟ್ ಪೂರ್ತಿ ಆರುವ ತನಕ ಬೆಂಕಿ ಹತ್ತಿರ ತರಬೇಡಿ. ಹೊರಮೈಗೆ ತಾಗಿದರೆ ಬಣ್ಣ ಕಿತ್ತು ಬರುತ್ತದೆ. ಅಕ್ರಿಲಿಕ್ ಸ್ಟೆಮ್ ಇದ್ದರೆ ಅದಕ್ಕೆ ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು ಸಾಕು. ಸೇದಿದ ಪೈಪ್‌ಗೆ ಕನಿಷ್ಠ ಒಂದು ದಿನ ಬಿಡುವು ಕೊಡಿ. ಮರ ಕುಡಿದ ತೇವ ಆರಬೇಕಲ್ವಾ? ದಿನಾ ಸೇದುವವರಿಗೆ ಎರಡನೇ ಪೈಪ್ ಬೇಕು ಅನ್ನುವುದು ಶೋಕಿಗಲ್ಲ.

ಬೌಲ್ ಒಳಗಿನ ಕರಿ ಪದರಕ್ಕೆ ಕೇಕ್ ಅನ್ನುತ್ತಾರೆ. ಬ್ರಯರ್‌ಗೆ ಅದು ಬೇಕು, ಮರವನ್ನು ಬೆಂಕಿಯಿಂದ ಕಾಯುತ್ತದೆ. ಹೊಸ ಬ್ರಯರ್ ಮೊದಮೊದಲು ಸುಟ್ಟ ಮರದ ರುಚಿ ಕೊಡುವುದು ಈ ಪದರ ಇನ್ನೂ ಕೂತಿರದ ಕಾರಣಕ್ಕೇ. ಆದರೆ 1 ರಿಂದ 1.5 ಮಿಲಿಮೀಟರ್ ದಪ್ಪ ಸಾಕು. ಜಾಸ್ತಿ ಬೆಳೆದರೆ ಶಾಖಕ್ಕೆ ಅದು ಹಿಗ್ಗಿ ಬೌಲನ್ನೇ ಸೀಳಬಹುದು. ರೀಮರ್ ಅನ್ನುವ ಕೇಕ್ ಕೆರೆಯುವ ಸಲಕರಣೆಯಿಂದ ಸ್ವಲ್ಪ ಸ್ವಲ್ಪವೇ ಕೆರೆಯಿರಿ, ಚೂಪು ಚಾಕು ಬೇಡ. ಮಿಯರ್ಶಾಮ್ (ಬಿಳಿ, ಮೆದು ಖನಿಜ) ಪೈಪಿನಲ್ಲಿ ಕೇಕ್ ಬೆಳೆಯಲು ಬಿಡಲೇಬಾರದು, ಪ್ರತಿ ಸಲ ಒರೆಸಿಬಿಡಬೇಕು.

ಹಳೇ ಪೈಪ್ ಕೊಂಡವರಿಗೆ ಬೇರೆಯದೇ ಕಾಟ, ಮುಂಚೆ ಸೇದಿದವರ ತಂಬಾಕು ಬೌಲಿನಲ್ಲಿ ದೆವ್ವದ ಹಾಗೆ ಕೂತಿರುತ್ತದೆ. ಬೌಲ್‌ಗೆ ಹತ್ತಿ ತುಂಬಿ, ಸ್ಪಿರಿಟ್ ತೊಟ್ಟಿಕ್ಕಿಸಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕೆಲವರು ಹತ್ತಿಯ ಬದಲು ಕಲ್ಲುಪ್ಪು ಹಾಕುತ್ತಾರೆ, ನನಗೆ ಹತ್ತಿಯೇ ವಾಸಿ, ಉಪ್ಪು ಶ್ಯಾಂಕಿಗೆ ಇಳಿದರೆ ತೆಗೆಯುವುದು ತಲೆನೋವು. ಆಮೇಲೆ ಕೆಲವು ದಿನ ಒಣಗಲು ಬಿಡಿ.

ಸ್ಟೆಮ್ ಹಸಿರುಕಂದು ಬಣ್ಣಕ್ಕೆ ತಿರುಗಿ ಗಂಧಕದ ವಾಸನೆ ಬರುತ್ತಿದ್ದರೆ ಅದು ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲಿಗೆ, ಗಾಳಿಗೆ ಅದು ಹಾಗಾಗುತ್ತದೆ, ನೇರ ತುಟಿಗೇ ಕಹಿ. ಬಹಳ ನುಣುಪಾದ ಮರಳು ಕಾಗದವನ್ನು ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ಬೀಳದ ಕಡೆ ಇಡಿ.

ತೊಂದರೆ ಪೈಪಿನದ್ದೋ ತಂಬಾಕಿನದ್ದೋ ಗೊತ್ತಾಗದಿದ್ದರೆ ಒಂದು ಕಾರ್ನ್ ಕಾಬ್ ಪೈಪ್ ತನ್ನಿ. ಜೋಳದ ದಿಂಡಿನಿಂದ ಮಾಡಿದ್ದು, ಪೈಪ್‌ಗಳಲ್ಲೇ ಅಗ್ಗ, ಮೊದಲ ಬೌಲಿನಿಂದಲೇ ಚೆನ್ನಾಗಿ ಎಳೆಯುತ್ತದೆ. ಅದೇ ತಂಬಾಕು, ಅಷ್ಟೇ ಒಣಗಿಸಿ ಅದರಲ್ಲಿ ಸೇದಿ. ಅಲ್ಲಿ ಚೆನ್ನಾಗಿದ್ದರೆ ನಿಮ್ಮ ಬ್ರಯರ್ ತೊಳೆಯುವ ಹೊತ್ತು ಬಂದಿದೆ. ಎರಡರಲ್ಲೂ ಕೆಟ್ಟದಾಗಿದ್ದರೆ ಆ ತಂಬಾಕು ನಿಮಗೆ ಒಗ್ಗುವುದಿಲ್ಲ, ಬೇಕಾದವರಿಗೆ ಕೊಟ್ಟುಬಿಡಿ.

ಇನ್ನು ನಾಲಿಗೆ ಈಗಾಗಲೇ ಸುಟ್ಟಿದ್ದರೆ ಯಾವ ತಂಬಾಕೂ ರುಚಿಸುವುದಿಲ್ಲ. ಕೆಲವು ದಿನ ಪೈಪ್ ಮುಟ್ಟಬೇಡಿ, ಆ ಉರಿ ತಾನೇ ಹೋಗುತ್ತದೆ. ಹೋಗದೆ ಹುಣ್ಣಾಗಿ ನಿಂತರೆ, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ 2 ವಾರ ದಾಟಿಯೂ ಉಳಿದರೆ, ಪೈಪ್ ಬದಿಗಿಟ್ಟು ದಂತವೈದ್ಯರಿಗೋ ಡಾಕ್ಟರಿಗೋ ತೋರಿಸಿ.