ಸ್ಲೀಪ್ ಅಪ್ನಿಯಾಗೆ ಜಿಂಕ್, ಸೆಲೆನಿಯಂ ಮಾತ್ರೆ ಸಾಲದೇ?

ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಅಪ್ನಿಯಾ ಇದೆಯೆಂದು ಗೊತ್ತಾದವರಲ್ಲಿ ಅನೇಕರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ರಕ್ತಪರೀಕ್ಷೆಯಲ್ಲಿ ಜಿಂಕ್ ಕಡಿಮೆ ಎಂದು ಬಂದಿದೆ. ರಾತ್ರಿಯಿಡೀ ಗಾಳಿ ಊದುವ ಯಂತ್ರದ ಮಾಸ್ಕ್ ಕಟ್ಟಿಕೊಳ್ಳುವ ಬದಲು ಜಿಂಕ್, ಸೆಲೆನಿಯಂ ಮಾತ್ರೆ ತೆಗೆದುಕೊಂಡರೆ ಸಾಲದೇ?" ಸಾಲದು ಎಂಬುದೇ ನನ್ನ ಉತ್ತರ, ಆದರೂ ಪ್ರಶ್ನೆಯಲ್ಲಿ ಹುರುಳಿದೆ.

ಈ ಕಾಯಿಲೆ ಇರುವವರಿಗೆ ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವುದು ಅಥವಾ ಬಹಳ ಕುಗ್ಗುವುದು ಗಂಟೆಗೆ 30 ಸಲ ಅಥವಾ ಹೆಚ್ಚು ನಡೆದರೆ ಕಾಯಿಲೆ ತೀವ್ರವಾಗಿದೆ ಎನ್ನುತ್ತಾರೆ. ಅಂದರೆ ಏಳು ಗಂಟೆಯ ನಿದ್ದೆಯಲ್ಲಿ 200ಕ್ಕೂ ಹೆಚ್ಚು ಸಲ. ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿದು, ಉಸಿರು ಮರಳಿದೊಡನೆ ಥಟ್ಟನೆ ಏರುವುದರಿಂದ, ಜೀವಕೋಶಗಳಲ್ಲಿ ಸೂಪರ್‌ಆಕ್ಸೈಡ್‌ನಂಥ ಉಗ್ರ ಕಣಗಳು ಹುಟ್ಟುತ್ತವೆ. ಅವು ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತವೆ. ಈ ರೋಗಿಗಳಲ್ಲಿ ರಕ್ತದೊತ್ತಡ ಏರಲು ಇದೂ ಒಂದು ಕಾರಣ.

ಖನಿಜಗಳ ಪಾತ್ರ ಬರುವುದು ಇಲ್ಲಿ. ಸೂಪರ್‌ಆಕ್ಸೈಡನ್ನು ತಣಿಸುವ ಕಿಣ್ವವನ್ನು ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ಗುರುತಿಸಿದರು. ಅದರ ಒಂದು ರೂಪಕ್ಕೆ ತಾಮ್ರ ಮತ್ತು ಜಿಂಕ್ ಬೇಕು, ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿರುವ ಇನ್ನೊಂದಕ್ಕೆ ಮ್ಯಾಂಗನೀಸ್. ಮುಂದಿನ ಹಂತದಲ್ಲಿ ಕೆಲಸ ಮಾಡುವ ಗ್ಲುಟಾಥಯಾನ್ ಪೆರಾಕ್ಸಿಡೇಸ್ ಎಂಬ ಕಿಣ್ವಕ್ಕೆ ಸೆಲೆನಿಯಂ. ಇವು ಕಡಿಮೆಯಾದರೆ ರಕ್ಷಣೆ ಕುಂದುತ್ತದೆ ಎಂಬುದು ಸರಿ. ಆದರೆ ಸಾಕಷ್ಟು ಇರುವವರು ಇನ್ನಷ್ಟು ನುಂಗಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ, ಮುಚ್ಚಿದ ಗಂಟಲಂತೂ ತೆರೆಯುವುದೇ ಇಲ್ಲ.

ರಿಪೋರ್ಟಿನ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ದೇಹದಲ್ಲಿ ಉರಿಯೂತವಿದ್ದರೆ ಯಕೃತ್ತು ರಕ್ತದಿಂದ ಜಿಂಕನ್ನು ಒಳಗೆಳೆದುಕೊಳ್ಳುತ್ತದೆ, ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ನನ್ನು ಹೆಚ್ಚಾಗಿ ಬಿಡುತ್ತದೆ. ಆದ್ದರಿಂದ ರಕ್ತದಲ್ಲಿ ಜಿಂಕ್ ಇಳಿದು ತಾಮ್ರ ಏರಿರುವುದು ಆಹಾರದ ಕೊರತೆಯಿಂದಲ್ಲದೆ ಉರಿಯೂತದಿಂದಲೂ ಆಗಿರಬಹುದು. ಅಪ್ನಿಯಾ ಮತ್ತು ಅದರೊಡನೆ ಸಾಮಾನ್ಯವಾಗಿ ಬರುವ ಬೊಜ್ಜು ಎರಡೂ ಉರಿಯೂತ ತರುವಂಥವೇ. ಫಲವನ್ನು ಕಾರಣವೆಂದು ತಿಳಿದು ಔಷಧ ಮಾಡುವುದು ನನಗೆ ತುಂಬ ನೋವು ತರುವ ತಪ್ಪು, ಏಕೆಂದರೆ ಅಷ್ಟು ರಾತ್ರಿಗಳೂ ಚಿಕಿತ್ಸೆಯಿಲ್ಲದೆ ಕಳೆದುಹೋಗುತ್ತವೆ.

ಮಾತ್ರೆಯಿಂದ ಅಪಾಯವೂ ಉಂಟು. ದಿನಕ್ಕೆ 40 ಮಿಲಿಗ್ರಾಂ ದಾಟಿದ ಜಿಂಕನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಕರುಳು ತಾಮ್ರವನ್ನು ಹೀರಲಾರದೆ ರಕ್ತಹೀನತೆ, ನರದೌರ್ಬಲ್ಯ ಬರಬಹುದು. ಸೆಲೆನಿಯಂ ಅತಿಯಾದರೆ ಕೂದಲು ಉದುರಿ, ಉಗುರು ಮುರಿದು, ಉಸಿರಿಗೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಊಟದಿಂದ ಪಡೆಯುವುದು ಕ್ಷೇಮ: ಮೊಳಕೆ ಹುರುಳಿಕಾಳಿನ ಸಾರು, ಹುದುಗು ಬಂದ ದೋಸೆ ಹಿಟ್ಟು ಒಳ್ಳೆಯವು, ಏಕೆಂದರೆ ಮೊಳಕೆ ಮತ್ತು ಹುದುಗುವಿಕೆ ಕಾಳುಗಳಲ್ಲಿದ್ದು ಜಿಂಕನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತುವನ್ನು ತಗ್ಗಿಸುತ್ತವೆ. ಮೊಟ್ಟೆ, ಮೀನು ತಿನ್ನುವವರಿಗೆ ಸೆಲೆನಿಯಂ ಸುಲಭವಾಗಿ ಸಿಗುತ್ತದೆ.

ಮಾಸ್ಕಿನ ಯಂತ್ರವಾದ ಸಿಪ್ಯಾಪನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಅದು ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವುದರಿಂದ ಆಮ್ಲಜನಕದ ಏರಿಳಿತವೇ ನಿಲ್ಲುತ್ತದೆ. ಮಾಸ್ಕ್ ಒಗ್ಗದಿದ್ದರೆ ಅದರ ಅಳತೆ, ಒತ್ತಡ ಬದಲಿಸಿ ನೋಡಬೇಕೆಂದು ವೈದ್ಯರನ್ನು ಕೇಳಿ. ರಾತ್ರಿ ಕಾಲು ಎಳೆದು ಆಡಿಸಬೇಕೆನಿಸುವ ತೊಂದರೆಯೂ ಜೊತೆಗಿದ್ದರೆ ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ. ಆ ಕಾಲಿನ ತೊಂದರೆಗೆ ಕಬ್ಬಿಣದ ಕೊರತೆ ನೀಗಿಸುವುದೇ ಚಿಕಿತ್ಸೆಯಾಗಬಲ್ಲದು.