ವುಡಿ ಓರಿಯೆಂಟಲ್ ಪರ್‌ಫ್ಯೂಮ್: ಮಳೆಗಾಲದ ಬ್ಯಾಚು ಎಲ್ಲಿಗೆ ಬಂತು

ಜೂನ್

ಗಂಡಸರೂ ಹೆಂಗಸರೂ ಹಚ್ಚಿಕೊಳ್ಳಬಹುದಾದ, ಮರದ ವಾಸನೆ ಮುಂದಿರುವ ಓರಿಯೆಂಟಲ್ (ವೆನಿಲ್ಲಾ, ರಾಳದ ಬೆಚ್ಚಗಿನ ಜಾತಿಯ) ಪರ್‌ಫ್ಯೂಮ್ ಮಾಡುವುದು ಈ ಕೆಲಸದ ಗುರಿ. ಹಚ್ಚಿಕೊಂಡವರ ಬಗ್ಗೆ ಯಾವ ಚಿತ್ರ ಮೂಡಬೇಕು ಅನ್ನುವುದೂ ಮೊದಲೇ ನಿಶ್ಚಯವಾಗಿದೆ: ಮಾತು ಕಡಿಮೆ, ಬಿಗುಮಾನ ಇಲ್ಲ, ಹತ್ತಿರ ಕೂತರೆ ಬೆಚ್ಚಗಿನ ಮನುಷ್ಯ.

ಈ ಜಾತಿಯ ಚೌಕಟ್ಟು ಹಳೆಯದು. ಫ್ರಾನ್ಸಿನ ಗೆರ್ಲಾನ್ ಕಂಪನಿಯ 1925ರ ಪರ್‌ಫ್ಯೂಮ್ ಶಾಲಿಮಾರ್‌ನಲ್ಲಿ ಮೇಲೆ, ಅಂದರೆ ಮೊದಲು ಮೂಗಿಗೆ ಬರುವುದು, ಬರ್ಗಮಾಟ್ (ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ಎಣ್ಣೆ); ಕೆಳಗೆ, ಅಂದರೆ ಕೊನೆಗೆ ಉಳಿಯುವುದು, ವೆನಿಲ್ಲಾ ಮತ್ತು ರಾಳ. ಅದರಲ್ಲಿ ಹೂವನ್ನು ತಗ್ಗಿಸಿ ಮರವನ್ನು ಹೆಚ್ಚಿಸುತ್ತ ಹೋದರೆ ವುಡಿ ಓರಿಯೆಂಟಲ್ ಆಗುತ್ತದೆ. ಆದರೆ ಶಿವಮೊಗ್ಗದಲ್ಲಿ ಕೂತು ಮಾಡುವವರಿಗೆ ಬೇರೆಯೇ ತೊಡಕಿದೆ. 1944ರಲ್ಲೇ ಗಂಧದೆಣ್ಣೆ ಕಾರ್ಖಾನೆ ಬಂದ ಊರಿದು. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಇಲ್ಲಿನ ಮೂಗಿಗೆ ಶ್ರೀಗಂಧ ಅಂದರೆ ದೇವರ ಕೋಣೆ. ಅದಕ್ಕೆ ಸಾಂಬ್ರಾಣಿಯ ವಾಸನೆಯೂ ಸೇರಿತೋ, ಮನುಷ್ಯ ಮರೆಯಾಗಿ ಮಂಗಳಾರತಿ ಕಣ್ಣಮುಂದೆ ಬರುತ್ತದೆ. ಆದ್ದರಿಂದ ಗಂಧವನ್ನು ಪೂಜೆಯಿಂದ ಬಿಡಿಸಿ ಮೈಮೇಲೆ ತರುವುದೇ ಈ ಸೂತ್ರದ ಮುಖ್ಯ ಕೆಲಸ.

ಗಡಿ ಎಲ್ಲಿದೆ ಎಂದು ತಿಳಿಯಲು ಮೊದಲ ಮಾದರಿಯಲ್ಲಿ ರಾಳವನ್ನು ಬೇಕೆಂದೇ ಜಾಸ್ತಿ ಹಾಕಲಾಯಿತು. ನೂರು ಭಾಗದಲ್ಲಿ ಶ್ರೀಗಂಧ 18, ಬೆಂಜೋಯಿನ್ (ಸಾಂಬ್ರಾಣಿ ಜಾತಿಯ ರಾಳ) 12, ಹಾಲುಮಡ್ಡಿ ಟಿಂಕ್ಚರ್ (ಮರದ ಅಂಟನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ತಿಳಿ) 10. ಬಂದದ್ದು ಅಪ್ಪಟ ಊದುಬತ್ತಿ. ಆಶ್ಚರ್ಯವೇನಿಲ್ಲ, ಬತ್ತಿಯ ಮಸಾಲೆಗೆ ಬೀಳುವ ಸಾಮಾನೂ ಇವೇ.

ಜುಲೈ

ಈಗಿನ ಸೂತ್ರ, ತೂಕದಲ್ಲಿ ನೂರು ಭಾಗಕ್ಕೆ: ಬರ್ಗಮಾಟ್ 10 (ಬರ್ಗಾಪ್ಟೆನ್ ತೆಗೆದದ್ದೇ ಆಗಬೇಕು, ಇಲ್ಲದಿದ್ದರೆ ಬಿಸಿಲಿಗೆ ಚರ್ಮ ಸುಟ್ಟು ಕಲೆಯಾಗುತ್ತದೆ), ಏಲಕ್ಕಿ ಎಣ್ಣೆ 3, ಕಾಳುಮೆಣಸಿನ ಎಣ್ಣೆ 4, ಹೆಡಿಯೋನ್ (ಹಗುರ ಮಲ್ಲಿಗೆ ವಾಸನೆಯ ರಾಸಾಯನಿಕ) 14, ಫಿನೈಲ್ ಈಥೈಲ್ ಆಲ್ಕೋಹಾಲ್ (ಗುಲಾಬಿ ವಾಸನೆಯದು) 4, ಲವಂಗದ ಎಣ್ಣೆ 0.5, ಐಸೋ ಇ ಸೂಪರ್ (ಮರದ ವಾಸನೆಯ ರಾಸಾಯನಿಕ) 20, ವರ್ಜೀನಿಯಾ ಸೀಡರ್ 8, ಲಾವಂಚ 5, ಶ್ರೀಗಂಧ 10, ಜಾವನಾಲ್ (ಗಂಧದ ವಾಸನೆಯ ರಾಸಾಯನಿಕ) 0.5, ಪಚೋಲಿ (ಮಣ್ಣಿನ ವಾಸನೆಯ ಎಲೆ ಎಣ್ಣೆ) 6, ಬೆಂಜೋಯಿನ್ (ಡಿಪಿಜಿ ಎಂಬ ವಾಸನೆಯಿಲ್ಲದ ದ್ರಾವಕದಲ್ಲಿ ಅರ್ಧಕ್ಕರ್ಧ ಕರಗಿಸಿದ್ದು) 6, ಲ್ಯಾಬ್ಡನಮ್ (ಒಂದು ಪೊದೆಯ ರಾಳ) 2, ವೆನಿಲಿನ್ (ವೆನಿಲ್ಲಾ ವಾಸನೆಯ ಹರಳು) 2, ಕೂಮರಿನ್ (ಒಣಹುಲ್ಲಿನ ವಾಸನೆಯ ಹರಳು) 1.5, ಹಾಲುಮಡ್ಡಿ ಟಿಂಕ್ಚರ್ 3.5.

ಮರದ ಪಾಲು ಸುಮಾರು 50, ಸಿಹಿ ಮತ್ತು ರಾಳದ ಪಾಲು 15. ಮೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಹಚ್ಚಿಕೊಂಡವರ ಸ್ವಭಾವ ಹೇಗೆ ಕಾಣಬೇಕು ಅನ್ನುವುದನ್ನು ತೀರ್ಮಾನಿಸುವುದು ಈ ಅನುಪಾತ, ಮೇಲಿನ ಬರ್ಗಮಾಟ್ ಅಲ್ಲ. ಎರಡಕ್ಕೆ ಒಂದಾದರೆ ಮದುವೆ ಮನೆಗೆ ಹೊರಟ ಹಾಗಿರುತ್ತದೆ. ಐದಕ್ಕೆ ಒಂದಾದರೆ ಬಡಗಿಯ ಕೊಟ್ಟಿಗೆ, ಒಣ ಒಣ.

ಏಲಕ್ಕಿಯ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಮಲೆನಾಡಿನ ಮನೆಗಳಲ್ಲಿ ಏಲಕ್ಕಿಯೂ ವೆನಿಲಿನ್ನೂ ಜೊತೆಯಾದರೆ ಅದು ಪಾಯಸ, ಬೇರೆ ಮಾತೇ ಇಲ್ಲ. 5 ಭಾಗ ಏಲಕ್ಕಿ, 2 ಭಾಗ ಮೆಣಸು ಇದ್ದಾಗ ಎಲ್ಲರ ಬಾಯಲ್ಲೂ ಬಂದ ಮಾತು ಅದೇ. ಏಲಕ್ಕಿಯನ್ನು 3ಕ್ಕೆ ಇಳಿಸಿ ಮೆಣಸನ್ನು 4ಕ್ಕೆ ಏರಿಸಿದ ಮೇಲೆ ಸಿಹಿ ಒಣಗಿ ಮಸಾಲೆಯ ಬಿಸಿ ಮಾತ್ರ ಉಳಿಯಿತು. ಲವಂಗವೂ ಹಾಗೆಯೇ: ಅರ್ಧ ಭಾಗ ದಾಟಿದರೆ ಹಲ್ಲುನೋವಿನ ಔಷಧಿ. ಲಾವಂಚ 8 ಭಾಗ ಆದರೆ ಬೇಸಿಗೆಯ ಹೂಜಿ ನೀರು ನೆನಪಾಗುತ್ತದೆ. ಅದು ಚೆಂದವೇ, ಆದರೆ ಈ ಪರ್‌ಫ್ಯೂಮಿಗೆ ಅಷ್ಟು ತಂಪು ಬೇಡ.

ಗಂಡು-ಹೆಣ್ಣಿನ ತೂಗು ಎಲ್ಲಿ ತಪ್ಪುತ್ತದೆ ಅನ್ನುವುದನ್ನೂ ಹೇಳಬೇಕು. ಕೂಮರಿನ್ ಜೊತೆ ಲ್ಯಾವೆಂಡರ್ ಸೇರಿಸಿದ ಕೂಡಲೇ ಕ್ಷೌರದಂಗಡಿಯ ಲೋಶನ್. ಈಥೈಲ್ ಮಾಲ್ಟಾಲ್ ಸೇರಿಸಿದರೆ ಬೆಂಡು-ಬತ್ತಾಸಿನ ಸಿಹಿ. ಎರಡನ್ನೂ ಬಿಟ್ಟಿದೆ. ಹೆಡಿಯೋನ್ ಹೂವಿನ ಹೆಸರು ಹೇಳದೆ ಗಾಳಿಯಾಡುವ ಜಾಗ ಕೊಡುತ್ತದೆ, ಅದಕ್ಕೇ ಅದರ ಪಾಲು ದೊಡ್ಡದು.

ಮಾಡುವ ಕ್ರಮ: ಮೇಲಿನ ಸೂತ್ರದಂತೆ ಬೆರೆಸಿದ 10 ಗ್ರಾಂ ಸಾರ, 40 ಗ್ರಾಂ ಪರ್‌ಫ್ಯೂಮರ್ಸ್ ಆಲ್ಕೋಹಾಲ್. ಒಟ್ಟು ಸುಮಾರು 60 ಮಿ.ಲೀ. ಆಗುತ್ತದೆ, ಏಕೆಂದರೆ ಆಲ್ಕೋಹಾಲ್ ನೀರಿಗಿಂತ ಹಗುರ. 10 ಗ್ರಾಂ ಸಾರದಲ್ಲಿ ಜಾವನಾಲ್, ಲವಂಗ ತಲಾ 0.05 ಗ್ರಾಂ ಮಾತ್ರ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲೂ ಅದು ನಂಬುವಂಥ ಅಳತೆಯಲ್ಲ. ಎರಡನ್ನೂ ಮೊದಲು ಶೇ. 10ರ ದ್ರಾವಣ ಮಾಡಿಕೊಂಡು 0.5 ಗ್ರಾಂ ಹಾಕಬೇಕು. ಆ ದ್ರಾವಣದಲ್ಲಿರುವ ಆಲ್ಕೋಹಾಲನ್ನು 40 ಗ್ರಾಂನಲ್ಲಿ ಕಳೆಯಬೇಕು. ಸಣ್ಣ ಡಿಜಿಟಲ್ ತಕ್ಕಡಿ ತುಸು ಹೊತ್ತು ಸುಮ್ಮನಿದ್ದರೆ ತಾನೇ ಆರಿಹೋಗುತ್ತದೆ, ಸೊನ್ನೆ ಮಾಡಿದ ಲೆಕ್ಕವೂ ಹೋಗುತ್ತದೆ. ಆದ್ದರಿಂದ ಒಂದೊಂದು ಸಾಮಾನು ಹಾಕಿದ ಕೂಡಲೇ ಪುಸ್ತಕದಲ್ಲಿ ಬರೆದುಬಿಡಿ. ಫ್ಯಾನ್ ಆರಿಸಿ, ಗಾಳಿಗೆ ಅಂಕಿ ಕುಣಿಯುತ್ತದೆ.

ಬೆಂಜೋಯಿನ್, ಲ್ಯಾಬ್ಡನಮ್ ಅಂಟು ಪಾಕ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ (45ರಿಂದ 50 ಡಿಗ್ರಿ) ಇಟ್ಟು ಹರಿಯುವಂತೆ ಮಾಡಿಕೊಳ್ಳಬೇಕು. ನೀರನ್ನು ಬೇರೆ ಕಡೆ ಕಾಯಿಸಿ ತನ್ನಿ, ಆಲ್ಕೋಹಾಲ್ ಇರುವ ಕೋಣೆಯಲ್ಲಿ ಒಲೆ ಉರಿಯಬಾರದು. ವೆನಿಲಿನ್, ಕೂಮರಿನ್ ಹರಳುಗಳನ್ನು ಮೊದಲು ಹೆಡಿಯೋನ್‌ನಲ್ಲಿ ಕರಗಿಸಿ ಆಮೇಲೆ ಉಳಿದದ್ದು ಸೇರಿಸಿ. ರಬ್ಬರ್ ತಲೆಯ ಡ್ರಾಪರ್ ಬೇಡ: ಎಣ್ಣೆ ತಾಗಿ ರಬ್ಬರ್ ಉಬ್ಬುತ್ತದೆ, ಅದರ ವಾಸನೆ ಒಳಗಿಳಿಯುತ್ತದೆ. ಕಬ್ಬಿಣದ ಚಮಚವೂ ಬೇಡ. ಕಬ್ಬಿಣ ತಾಗಿದರೆ ಪಚೋಲಿ, ವೆನಿಲಿನ್ ಎರಡೂ ಕಪ್ಪಾಗುತ್ತವೆ. ಗಾಜಿನ ಕಡ್ಡಿಯೇ ಸರಿ. ಹೇಗೂ ವೆನಿಲಿನ್ ಇರುವ ಪರ್‌ಫ್ಯೂಮ್ ತಿಂಗಳುಗಳಲ್ಲಿ ಕಂದಾಗುತ್ತದೆ. ಅದು ಕೆಟ್ಟದ್ದರ ಗುರುತಲ್ಲ, ಬಿಳಿ ಬಟ್ಟೆಗೆ ಮಾತ್ರ ಹಾಕಬಾರದು.

ಆಗಸ್ಟ್

ಬಾಟಲಿಯಲ್ಲಿ ಮಬ್ಬು. ಆಗುಂಬೆ, ಹೊಸನಗರದ ಕಡೆ ಜಡಿಮಳೆಯಲ್ಲಿ ಈ ಕೆಲಸಕ್ಕೆ ಕೂತವರಿಗೆಲ್ಲ ಇದು ಎದುರಾಗುತ್ತದೆ. ಕಾರಣ ನೀರು. ಆಲ್ಕೋಹಾಲ್ ತೆರೆದಿಟ್ಟಷ್ಟೂ ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದಂತೆ ರಾಳವೂ ಬರ್ಗಮಾಟಿನ ಟರ್ಪೀನುಗಳೂ (ಎಣ್ಣೆಯ ಹಗುರ ಅಂಶಗಳು) ಕರಗಿ ನಿಲ್ಲಲಾರದೆ ಹೊರಬರುತ್ತವೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಹಸಿ ಹಾಲುಮಡ್ಡಿಯಲ್ಲಂತೂ ನೀರು ಇದ್ದೇ ಇರುತ್ತದೆ.

ಹಾಲುಮಡ್ಡಿಯನ್ನು ಹೀಗೆ ಹದ ಮಾಡಿದರೆ ಮಬ್ಬು ಬಹುಪಾಲು ತಪ್ಪುತ್ತದೆ. ಕಡ್ಡಿ ತೊಗಟೆ ತೆಗೆದ 20 ಗ್ರಾಂ ಅಂಟನ್ನು 80 ಗ್ರಾಂ ಆಲ್ಕೋಹಾಲಿನಲ್ಲಿ ಹಾಕಿ ಬಿರಡೆ ಬಿಗಿದು ದಿನಾ ಅಲ್ಲಾಡಿಸಿ. ಎರಡು ವಾರಕ್ಕೆ ಮೇಲೆ ಹೊಂಬಣ್ಣದ ತಿಳಿ, ತಳದಲ್ಲಿ ಬೂದುಬಣ್ಣದ ಗಷ್ಟು. ಅಲುಗಿಸದೆ ತಿಳಿಯನ್ನಷ್ಟೇ ಬಗ್ಗಿಸಿ, ಎರಡು ದಿನ ಫ್ರಿಜ್ಜಿನಲ್ಲಿಟ್ಟು, ತಣ್ಣಗಿರುವಾಗಲೇ ಫಿಲ್ಟರ್ ಪೇಪರಿನಲ್ಲಿ ಸೋಸಬೇಕು. ಬೆಚ್ಚಗಾದ ಮೇಲೆ ಸೋಸಿದರೆ ಗಷ್ಟಿನ ಒಂದು ಪಾಲು ಮತ್ತೆ ಕರಗಿ ಕೆಳಗಿಳಿಯುತ್ತದೆ, ಮುಂದಿನ ಚಳಿಗೆ ಮತ್ತೆ ಮಬ್ಬು. ಮುಗಿದ ಪರ್‌ಫ್ಯೂಮಿಗೂ ಇದೇ ಕ್ರಮ. ಶೇ. 2ರಿಂದ 5ರಷ್ಟು ಬಟ್ಟಿ ಇಳಿಸಿದ ನೀರು ಸೇರಿಸಿ ಎಂದು ಹಲವು ಸೂತ್ರಗಳಲ್ಲಿ ಇರುತ್ತದೆ. ಇಷ್ಟು ರಾಳ ಇರುವಾಗ, ಅದೂ ಮಳೆಗಾಲದಲ್ಲಿ, ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ತೇವದ ಗಾಳಿಯಲ್ಲಿ ಮೂಗಿನ ಲೆಕ್ಕವೂ ಬದಲಾಗುತ್ತದೆ. ಸಿಹಿ ದಟ್ಟವಾಗಿ ಕಾಣುತ್ತದೆ, ಬ್ಲಾಟರ್ ಪಟ್ಟಿ (ಅದ್ದಿ ಮೂಸಿ ನೋಡುವ ಕಾಗದ) ಥಂಡಿ ಹಿಡಿದು ಕಾಗದದ ಮುಗ್ಗು ಸೇರಿಸುತ್ತದೆ. ಪಟ್ಟಿಗಳನ್ನು ಅಕ್ಕಿ ತುಂಬಿದ ಡಬ್ಬಿಯಲ್ಲಿ ಇಡಬೇಕು. ಜಡಿಮಳೆಯ ದಿನ ಮೂಸಿ ವೆನಿಲಿನ್ ಕಡಿಮೆ ಮಾಡಬಾರದು, ಹೊಳವಾದ ದಿನ ಮತ್ತೆ ನೋಡಬೇಕು.

ಸೆಪ್ಟೆಂಬರ್

ಹೆಸರಿಲ್ಲದ ಬಾಟಲಿ ಕೊಟ್ಟು ಕೇಳುವ ಪ್ರಶ್ನೆ ಮುಖ್ಯ. ‘ಚೆನ್ನಾಗಿದೆಯಾ’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಇದನ್ನು ಹಚ್ಚಿಕೊಂಡು ಬಂದವರು ಎಂಥವರು?’ ಎಂದು ಕೇಳಬೇಕು. ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ಆರು ಗಂಟೆಗೆ, ಮರುದಿನ ಬೆಳಿಗ್ಗೆ, ಹೀಗೆ ನಾಲ್ಕು ಹೊತ್ತಿನ ಉತ್ತರ ಬೇರೆ ಬೇರೆ ಬರೆದುಕೊಳ್ಳಬೇಕು. ಐಸೋ ಇ ಸೂಪರ್ ಕೆಲವರ ಮೂಗಿಗೆ ತಿಳಿಯುವುದೇ ಇಲ್ಲ, ಕೆಲವರಿಗೆ ಬಂದು ಹೋಗಿ ಮಾಡುತ್ತದೆ. ಒಬ್ಬರ ಮಾತಿಗೆ ಸೂತ್ರ ತಿದ್ದಬಾರದು.

ಜೂನ್ ಮಾದರಿಗೆ ಬಂದ ಉತ್ತರಗಳಲ್ಲಿ ಅರ್ಚಕರು, ಅಜ್ಜಿ, ದೇವಸ್ಥಾನ. ಈಗಿನದಕ್ಕೆ ‘ಲೈಬ್ರರಿಯಲ್ಲಿ ಕೂರುವವರು’, ‘ಜಾಸ್ತಿ ಮಾತಾಡದ ಮೇಡಂ’, ‘ತೋಟ ನೋಡಿಕೊಳ್ಳುವ ಓದಿದ ಹುಡುಗ’. ಗಂಡೋ ಹೆಣ್ಣೋ ಎಂಬಲ್ಲಿ ಒಮ್ಮತ ಇಲ್ಲ, ಸ್ವಭಾವದಲ್ಲಿ ಇದೆ. ಬೇಕಾಗಿದ್ದೂ ಅದೇ. ಒಂದು ಗಂಟೆಯ ನಂತರ ಮೆಣಸು ಇಳಿದು ಶ್ರೀಗಂಧದ ಹಾಲಿನಂಥ ಮೃದುತ್ವ ಮೇಲೆ ಬರುವ ಹೊತ್ತಿದೆಯಲ್ಲ, ಇಡೀ ಸೂತ್ರದಲ್ಲಿ ಅದೇ ಅತ್ಯುತ್ತಮ ಘಟ್ಟ.

ಶ್ರೀಗಂಧದ ಎಣ್ಣೆ ಕೊಳ್ಳುವಾಗ ಬಿಲ್ಲಿನ ಜೊತೆ ಪರೀಕ್ಷಾ ವರದಿಯನ್ನೂ ಕೇಳಿ: ಗಂಧದ ಎಣ್ಣೆಯ ಮುಖ್ಯ ಅಂಶಗಳಾದ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಅದು ತಪ್ಪಿದ್ದರೆ ಮೇಲೆ ಹೇಳಿದ ಘಟ್ಟ ಬರುವುದಿಲ್ಲ, ಸೀಡರ್ ಒಂದೇ ಉಳಿಯುತ್ತದೆ.

ಬಾಕಿ ಇರುವುದು ಆರು ಗಂಟೆಯ ನಂತರದ ಭಾಗ. ಲ್ಯಾಬ್ಡನಮ್ ಆಗ ಚರ್ಮದ ಚಪ್ಪಲಿಯ ಕಡೆ ವಾಲುತ್ತದೆ. ಅದನ್ನು 1.5ಕ್ಕೆ ಇಳಿಸಿ ಆ ಅರ್ಧ ಭಾಗವನ್ನು ಶ್ರೀಗಂಧಕ್ಕೆ ಕೊಟ್ಟ ಮಾದರಿ ಬೆರೆಸಿ ಕತ್ತಲೆ ಕಪಾಟಿನಲ್ಲಿ ಇಟ್ಟಾಗಿದೆ. ನಾಲ್ಕು ವಾರ ಹದವಾದ ಮೇಲೆ ಸೋಸಿ, ಮುಂಗೈ ಒಳಭಾಗದಲ್ಲಿ ಒಂದು ಹನಿ ಹಚ್ಚಿ 24 ಗಂಟೆ ತುರಿಕೆ, ಕೆಂಪು ಏನೂ ಕಾಣದಿದ್ದರೆ ಮಾತ್ರ ಬೇರೆಯವರ ಕೈಗೆ ಹೋಗುತ್ತದೆ.