ಅತ್ತೆ ಕಾರು ಹತ್ತಲ್ಲ ಅಂದಿದ್ದಕ್ಕೆ

2 ನವೆಂಬರ್ 2025, ಭಾನುವಾರ ರಾತ್ರಿ
ತುಮಕೂರು

ಇವತ್ತು ಸಾಗರದಿಂದ ಬಂದೆವು. ಸೊಂಟ ನೋಯುತ್ತಿಲ್ಲ. ಇಷ್ಟನ್ನೇ ಬರೆದು ಮಲಗಬಹುದಿತ್ತು, ಆದರೆ ಹತ್ತು ದಿನದ ಹಿಂದೆ ಇದೇ ರಸ್ತೆಯಲ್ಲಿ ಇದೇ ಕಾರು ಓಡಿಸಿಕೊಂಡು ಬಂದಾಗ ಬಾಗಿಲು ಹಿಡಿದುಕೊಂಡು ಒಂದು ನಿಮಿಷ ಬಗ್ಗಿಕೊಂಡೇ ನಿಂತಿದ್ದೆ, ಪಕ್ಕದ ಮನೆಯಾಕೆ ಗೇಟಿನಿಂದ "ಏನ್ರೀ, ಬಿದ್ರಾ?" ಅಂತ ಕೇಳಿದ್ದರು. ಆವತ್ತಿಗೂ ಇವತ್ತಿಗೂ ನಡುವೆ ಏನೇನಾಯ್ತು ಅಂತ ಮರೆಯುವ ಮೊದಲು ಬರೆದಿಡುತ್ತೇನೆ.

ದೀಪಾವಳಿಗೆ ನಾದಿನಿ ಮನೆಗೆ ಹೋಗಿದ್ದೆವು. ತುಮಕೂರಿನಿಂದ ಸಾಗರ ಅಂದರೆ ಹೆಚ್ಚುಕಮ್ಮಿ 280 ಕಿಲೋಮೀಟರ್. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಅಲ್ಲಿಂದ ಆನಂದಪುರದ ಮೇಲೆ ಸಾಗರ. ನಿಲ್ಲಿಸುತ್ತಾ ಹೋದರೆ ಏಳು ಗಂಟೆ. ಓಡಿಸುವುದು ನಾನು. ನಮ್ಮ ಯಜಮಾನರಿಗೆ ಓಡಿಸಲು ಬರುತ್ತದೆ, ಬೈಯ್ಯುವುದು ಅದಕ್ಕಿಂತ ಚೆನ್ನಾಗಿ ಬರುತ್ತದೆ, ಅದಕ್ಕೇ ಪಕ್ಕದ ಸೀಟು ಅವರಿಗೆ. ಹಿಂದೆ ಅತ್ತೆ.

ಹಬ್ಬ ಮುಗಿಸಿ ಹೊರಡುವಾಗ ಅತ್ತೆ ಬ್ಯಾಗನ್ನೇ ತುಂಬಿಸಿರಲಿಲ್ಲ. "ನಾನು ಈ ಕಾರಲ್ಲಿ ಬರಕ್ಕಿಲ್ಲ ಕಣಮ್ಮ. ತಾಳಗುಪ್ಪದ ರೈಲು ಹತ್ತಿಸಿಬಿಡಿ, ತುಮಕೂರಲ್ಲಿ ಇಳ್ಕೋತೀನಿ" ಅಂದರು. ನಾನು ಜೋರಾಗಿ ಓಡಿಸಿದ್ದಕ್ಕೆ ಕೋಪ ಅಂದುಕೊಂಡೆ. ಹಾಗಲ್ಲವಂತೆ. "ಏಳು ಗಂಟೆ ಜಗುಲಿ ಕಟ್ಟೆ ಮೇಲೆ ಕಾಲು ಇಳಿಬಿಟ್ಕೊಂಡು ಕೂತಂಗಾಯ್ತು. ಪಾದ ನೋಡು." ನೋಡಿದೆ. ಬಂದು ಎರಡು ದಿನವಾಗಿದ್ದರೂ ಪಾದ ಇನ್ನೂ ಊದಿಕೊಂಡೇ ಇತ್ತು, ಕಾಲುಂಗುರ ಬೆರಳಿನೊಳಗೆ ಹೂತು ಹೋಗಿತ್ತು.

ಎಂಟು ವರ್ಷದಿಂದ ಅವರು ನನ್ನ ಹಿಂದೆ ಕೂತು ಓಡಾಡಿದ್ದಾರೆ. ಅವರ ಕಾಲು ನೆಲಕ್ಕೆ ಎಟುಕುವುದಿಲ್ಲ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಕನ್ನಡಿಯಲ್ಲಿ ಕಾಣುವುದು ಮುಖ ಮಾತ್ರ ಅಲ್ವಾ.

ಇದರಲ್ಲಿ ನನ್ನ ತಪ್ಪೂ ಇತ್ತು. ಹಬ್ಬಕ್ಕೆ ಮೊದಲು ಆನ್‌ಲೈನಲ್ಲಿ ಎರಡು ಮೆಮೊರಿ ಫೋಮ್ ಕುಶನ್ ತರಿಸಿ, ಒಂದನ್ನು ನನ್ನ ಸೀಟಿಗೆ, ಒಂದನ್ನು ಅತ್ತೆಯ ಕೆಳಗೆ ಹಾಕಿದ್ದೆ. ದೊಡ್ಡ ಉಪಕಾರ ಮಾಡಿದ ಹೆಮ್ಮೆ ಬೇರೆ. ಅದು ಅವರನ್ನು ಇನ್ನೂ ಮೂರು ಇಂಚು ಮೇಲೆತ್ತಿತು. ಮೊದಲು ಬೆರಳ ತುದಿಯಾದರೂ ತಾಗುತ್ತಿತ್ತಂತೆ, ಈಗ ಅದೂ ಇಲ್ಲ. ಕಾಲು ತೂಗಾಡಿದರೆ ಇಡೀ ಕಾಲಿನ ಭಾರ ಸೀಟಿನ ಅಂಚಿನ ಮೇಲೆ, ಮಂಡಿಯ ಹಿಂಭಾಗದಲ್ಲಿ ಬೀಳುತ್ತದೆ. ಅಲ್ಲೇ ರಕ್ತನಾಳಗಳು ಹಾದು ಹೋಗುವುದು. ಅಲ್ಲಿ ಒತ್ತಿ ಹಿಡಿದರೆ ಕೆಳಗಿಳಿದ ರಕ್ತ ಸರಿಯಾಗಿ ಮೇಲೆ ಬರುವುದಿಲ್ಲ. ಜೊತೆಗೆ ಸೀಟ್ ಬೆಲ್ಟ್‌ನ ಕೆಳಗಿನ ಪಟ್ಟಿ ಸೊಂಟದ ಮೂಳೆ ಮೇಲೆ ಕೂರಬೇಕಾದದ್ದು ಮೆತ್ತಗಿನ ಹೊಟ್ಟೆ ಮೇಲೆ ಬಂದು ಕೂತಿತ್ತು. ಗಟ್ಟಿಯಾಗಿ ಬ್ರೇಕ್ ಹಾಕಿದ್ದರೆ ಏನು ಗತಿ ಅಂತ ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಅತ್ತೆಯನ್ನು ಅಲ್ಲೇ ಬಿಟ್ಟು ಬಂದೆವು. ರಾಜ್ಯೋತ್ಸವದ ರಜೆಗೆ ಬಂದು ಕರೆದುಕೊಂಡು ಹೋಗುತ್ತೇವೆ, ಅಷ್ಟರಲ್ಲಿ ಸೀಟು ಸರಿಮಾಡಿಸುತ್ತೇನೆ ಅಂತ ಮಾತು ಕೊಟ್ಟು.

ಕಳೆದ ಭಾನುವಾರ ಬಿ.ಎಚ್. ರಸ್ತೆಯ ಹತ್ತಿರ ಒಂದು ಕುಶನ್ ಅಂಗಡಿಗೆ ಹೋದೆ. ಸೋಫಾ, ಆಟೋ ಸೀಟು, ಬುಲೆಟ್ ಸೀಟು ಎಲ್ಲ ಮಾಡುವ ಚಿಕ್ಕ ಅಂಗಡಿ. ನನಗೆ ಹೊಸ ಸೀಟ್ ಕವರ್ ಬೇಕಿತ್ತು, ದಪ್ಪದ್ದು. ಅಂಗಡಿಯ ಭಾಯ್ ಕವರ್ ತೋರಿಸಲೇ ಇಲ್ಲ. "ಅಕ್ಕಾ, ಮೊದಲು ನೀವು ಕೂತ್ಕೊಳ್ಳಿ, ನಾನು ನೋಡ್ತೀನಿ" ಅಂದರು. ಕೂತೆ. ಹಿಂದಿನಿಂದ ಒಂದು ಸಲ ನೋಡಿ "ಎಡಗಡೆ ಸೊಂಟ ನೋವು, ಅಲ್ವಾ?" ಅಂದರು. ಹೌದು! ಎಡಗಡೆಯೇ. ಕ್ಲಚ್ ತುಳಿದು ತುಳಿದು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಸೀಟನ್ನು ನಾಲ್ಕು ಬೋಲ್ಟ್ ಬಿಚ್ಚಿ ಹೊರಗೆ ತಂದು ಮಗುಚಿ ಹಾಕಿದರು. ಅಡಿಯಲ್ಲಿ ಹಾವಿನ ಹಾಗೆ ಬಳುಕಿದ ಸ್ಪ್ರಿಂಗ್ ತಂತಿಗಳು. ಎಡಗಡೆಯ ಒಂದು ತಂತಿ ಕೊಂಡಿಯಿಂದ ಕಳಚಿ ನೇತಾಡುತ್ತಿತ್ತು. ಅದರ ಮೇಲಿನ ಫೋಮ್ ಅಷ್ಟು ಜಾಗದಲ್ಲಿ ಕುಸಿದಿತ್ತು. ಭಾಯ್ ಬೆರಳಿನಿಂದ ಉಜ್ಜಿದಾಗ ಹಳದಿ ಪುಡಿ ಉದುರಿತು, ಹಳೇ ಬೇಸನ್ ಲಾಡು ಪುಡಿಯಾದ ಹಾಗೆ. ಅಂದರೆ ನಾನು ಯಾವಾಗಿನಿಂದಲೋ ಒಂದು ಕಡೆ ವಾಲಿಕೊಂಡು ಓಡಿಸುತ್ತಿದ್ದೆ. ಬುಡ ವಾಲಿದರೆ ಬೆನ್ನು ನೆಟ್ಟಗಾಗಲು ಮೇಲೆ ಸೊಟ್ಟ ಆಗಲೇಬೇಕು. ಅದರ ಮೇಲೆ ಎಷ್ಟು ಮೆತ್ತಗಿನ ಕುಶನ್ ಹಾಕಿದರೂ ಅದೂ ಅದೇ ಗುಂಡಿಗೆ ಇಳಿಯುತ್ತದೆ.

ಮೆಮೊರಿ ಫೋಮ್ ಬಗ್ಗೆ ಒಂದು ಮಾತು. ಇದನ್ನು 1966ರ ಸುಮಾರಿಗೆ ನಾಸಾಗೋಸ್ಕರ, ವಿಮಾನದ ಸೀಟಿಗೆ ಅಂತ ಕಂಡುಹಿಡಿದದ್ದು. ಮೈ ಬಿಸಿಗೆ ಮೆತ್ತಗಾಗಿ ಮೈ ಆಕಾರಕ್ಕೆ ಬರುತ್ತದೆ, ಅದೇ ಅದರ ಗುಣ. ಆದರೆ ನಮ್ಮ ಕಾರು ಮಧ್ಯಾಹ್ನ ಅರಸೀಕೆರೆಯಲ್ಲಿ ಹೋಟೆಲ್ ಮುಂದೆ ಬಿಸಿಲಲ್ಲಿ ನಿಂತರೆ ಕುಶನ್ ನಾವು ಕೂರುವ ಮೊದಲೇ ಮೆತ್ತಗಾಗಿರುತ್ತದೆ. ಕೂತ ತಕ್ಷಣ ತಳ ಮುಟ್ಟುತ್ತೇವೆ. ಮನೆಯ ಕುರ್ಚಿಗೆ ಚೆನ್ನಾಗಿದೆ, ಈಗ ಅಲ್ಲೇ ಇದೆ.

ಭಾಯ್ ಎರಡು ತುಂಡು ಫೋಮ್ ಕೈಗೆ ಕೊಟ್ಟು ಒತ್ತಿ ನೋಡಿ ಅಂದರು. ಒಂದು ಅಂಗೈಗೆ ಹಿತವಾಗಿತ್ತು, ಇನ್ನೊಂದು ಗಟ್ಟಿ. ನಾನು ಹಿತವಾದದ್ದನ್ನೇ ಎತ್ತಿಕೊಂಡೆ. ಅವರು ನಕ್ಕು, ಎರಡನ್ನೂ ನೆಲದ ಮೇಲಿಟ್ಟು ಮೊಣಕೈ ಊರಿ ಮೈಭಾರ ಬಿಟ್ಟರು. ಮೆತ್ತಗಿನದು ಚಪಾತಿ ಆಯಿತು, ಮೊಣಕೈ ನೆಲಕ್ಕೆ ತಾಗಿತು. ಗಟ್ಟಿಯದು ಅರ್ಧಕ್ಕೆ ನಿಂತಿತು. "ಅಂಗಡೀಲಿ ಎರಡು ನಿಮಿಷ ಕೂತಾಗ ಮೆತ್ತಗಿನದೇ ಸೂಪರ್ ಅನ್ಸುತ್ತೆ. ಎರಡು ಗಂಟೆ ಆದ್ಮೇಲೆ ಹೇಳಿ" ಅಂದರು. ಗಟ್ಟಿಯದು 40 ಡೆನ್ಸಿಟಿ. ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತದೆ ಅಂತ ಲೆಕ್ಕ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ, ಆದರೆ ಡೆನ್ಸಿಟಿ ಕಡಿಮೆ ಇದ್ದರೆ ಬೇಗ ಕುಸಿಯುತ್ತದೆ.

ನಾನು ಐದಡಿ ಒಂದು ಇಂಚು. ನಮ್ಮದು ಹಳೇ ಹ್ಯಾಚ್‌ಬ್ಯಾಕ್, ಸೀಟು ಮೇಲೆ ಕೆಳಗೆ ಮಾಡುವ ಲಿವರ್ ಇಲ್ಲ. ರಸ್ತೆ ಕಾಣಲಿ ಅಂತ ಸೀಟನ್ನು ಪೂರ್ತಿ ಮುಂದೆ ತಳ್ಳಿ, ಬೆನ್ನಿನ ಭಾಗವನ್ನು ಗೋಡೆಯ ಹಾಗೆ ನೆಟ್ಟಗೆ ಮಾಡಿ ಓಡಿಸುತ್ತಿದ್ದೆ. ಟೇಪ್ ತೆಗೆದು ಅಳೆದರೆ ಎದೆಗೂ ಸ್ಟೀರಿಂಗಿಗೂ ಏಳೇ ಇಂಚು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕಡಿಮೆ ಅಂದರೂ ಹತ್ತು ಇಂಚು ಇರಬೇಕು, ಅದು ಸಿಡಿದು ಬಿಚ್ಚಿಕೊಳ್ಳಲು ಜಾಗ ಬೇಕಲ್ಲ. ಹಾಗಂತ ಇಡೀ ಸೀಟನ್ನು ಎತ್ತರ ಮಾಡಿದರೆ ಕಾಲು ಕ್ಲಚ್ಚಿಗೆ ಎಟುಕುವುದಿಲ್ಲ. ಭಾಯ್ ಮಾಡಿದ ಉಪಾಯ ನನಗೆ ಬಹಳ ಇಷ್ಟವಾಯ್ತು. ಫೋಮನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಓರೆಯಾಗಿ ಕುಯ್ದರು, ಹಿಂದೆ ಒಂದೂವರೆ ಇಂಚು, ಮಂಡಿ ಕಡೆ ಬರುತ್ತಾ ಬರುತ್ತಾ ಸೊನ್ನೆ. ಸೊಂಟ ಮೇಲೆ ಬಂತು, ತೊಡೆ ಇದ್ದಲ್ಲೇ ಇತ್ತು. ತಂತಿಯನ್ನು ಕೊಂಡಿಗೆ ಸಿಕ್ಕಿಸಿ, ಮೇಲೆ ಗೋಣಿ ಬಟ್ಟೆ ಹಾಸಿ, ಸಲೂಷನ್ ಹಚ್ಚಿ ಅಂಟಿಸಿ, ಹಳೇ ಕವರನ್ನೇ ಹಾಕಿ ರಿಂಗ್ ಹೊಡೆದರು.

ಆಮೇಲೆ ಕೂರುವುದನ್ನು ಕಲಿಸಿದರು. ನಾಚಿಕೆಗೇಡು, ಇಷ್ಟು ವರ್ಷ ಓಡಿಸಿ ಈಗ ಕೂರುವುದನ್ನು ಕಲಿಯುವುದು! ಪೃಷ್ಠವನ್ನು ಸೀಟಿನ ಮೂಲೆಗೆ ಪೂರ್ತಿ ಒತ್ತಬೇಕು, ಮೊದಲು ಅದು. ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳು ಸಂದು. ಭುಜ ಸೀಟಿಗೆ ಒರಗಿದ್ದು ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ಕೂರಬೇಕು. ಬೆನ್ನಿನ ಭಾಗ ಸ್ವಲ್ಪ ಹಿಂದಕ್ಕೆ, 100–110 ಡಿಗ್ರಿ. ಬೆನ್ನು ಒಳಕ್ಕೆ ಬಾಗುವ ಜಾಗಕ್ಕೆ, ಬೆಲ್ಟ್ ಕಟ್ಟುವ ಜಾಗಕ್ಕಿಂತ ತುಸು ಮೇಲೆ, ಮುಖ ಒರೆಸುವ ಟವೆಲ್ ಸುರುಳಿ ಸುತ್ತಿ ಇಟ್ಟರು. ಐನೂರು ರೂಪಾಯಿಯ ಲಂಬಾರ್ ಪಿಲ್ಲೋಗಿಂತ ಇದೇ ಮೇಲು, ದಪ್ಪ ಅನ್ನಿಸಿದರೆ ಒಂದು ಸುತ್ತು ಬಿಚ್ಚಿದರಾಯ್ತು. ಮತ್ತೆ ಅಳೆದೆ. ಹತ್ತೂವರೆ ಇಂಚು.

ಯಜಮಾನರಿಗೂ ಸೊಂಟ ನೋವು ಇತ್ತು, ವಯಸ್ಸು ಅಂತ ಸುಮ್ಮನಿದ್ದರು. ಅವರ ಪರ್ಸನ್ನು ಹಿಂದಿನ ಜೇಬಿನಿಂದ ತೆಗೆಸಿ ಬಿಚ್ಚಿ ನೋಡಿದರೆ ಪೆಟ್ರೋಲ್ ಬಿಲ್ಲು, ನಾಲ್ಕು ವರ್ಷದ ಹಿಂದಿನ ಒಡವೆ ಅಂಗಡಿ ರಸೀತಿ, ಮೂರು ವಿಸಿಟಿಂಗ್ ಕಾರ್ಡು, ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ. ಇಟ್ಟಿಗೆ ಮೇಲೆ ಒಂದೇ ಕಡೆ ಕೂತ ಹಾಗೆ. ಅಲ್ಲಿ ಒತ್ತಿದರೆ ಕಾಲಿಗೆ ಹೋಗುವ ನರಕ್ಕೆ ಪೆಟ್ಟು. ಅವರ ಸೀಟಿಗೆ ಒಂದು ಪೈಸೆ ಖರ್ಚಿಲ್ಲದೆ ರಿಪೇರಿ ಆಯ್ತು. ಟೈರಿಗೆ "ಇರಲಿ ಬಿಡು" ಅಂತ 40 ಗಾಳಿ ಹೊಡೆಸುತ್ತಿದ್ದದ್ದೂ ಅವರೇ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ 33 ಅಂತ ಇದೆ. ಗಾಳಿ ಜಾಸ್ತಿಯಾದರೆ ಟೈರು ಕಲ್ಲಾಗುತ್ತದೆ, ಪ್ರತಿ ಹಂಪಿನ ಏಟೂ ನೇರ ಬೆನ್ನುಮೂಳೆಗೆ.

ಅತ್ತೆಯ ಜಾಗಕ್ಕೆ ಮೆಮೊರಿ ಫೋಮ್ ತೆಗೆದುಹಾಕಿದೆವು. ಅವರಿಗೆ ಎತ್ತರ ಬೇಕಿರಲಿಲ್ಲ, ನೆಲ ಬೇಕಿತ್ತು. ನಾನು ಮನೆಯ ಮಣೆ ಇಡೋಣ ಅಂದೆ. ಭಾಯ್ ಬೇಡ ಅಂದರು, ಬ್ರೇಕ್ ಹಾಕಿದರೆ ಮರದ ಮಣೆ ಹಾರಿ ಕಾಲಿಗೇ ಬಡಿಯುತ್ತದೆ. ತುಂಡು ಫೋಮುಗಳನ್ನು ಒತ್ತಿ ಮಾಡಿದ ಬಣ್ಣಬಣ್ಣದ ಗಟ್ಟಿ ಫೋಮ್ ಇರುತ್ತದಲ್ಲ, ಅದರಲ್ಲಿ ನಾಲ್ಕು ಇಂಚಿನ ಒಂದು ದಿಮ್ಮಿ ಕುಯ್ದು, ಮುಂದಿನ ಸೀಟಿನ ಕೆಳಗೆ ಬಿಗಿಯಾಗಿ ಸಿಕ್ಕಿಕೊಳ್ಳುವ ಹಾಗೆ ಮಾಡಿ, ಮೇಲೆ ಕೆಂಪು ರೆಕ್ಸಿನ್ ಹೊಲಿದರು. ಬೆನ್ನಿಗೆ ರಬ್ಬರ್ ಹಾಕಿದ ತೆಂಗಿನ ನಾರಿನ ಒಂದು ತೆಳು ಹಾಳೆ. ಹಿಂದೆ ಕಾರಿನ ಸೀಟಿಗೂ ಇದನ್ನೇ ತುಂಬುತ್ತಿದ್ದರಂತೆ, ನಾರಿನ ಸಂದಿಯಲ್ಲಿ ಗಾಳಿ ಆಡುವುದರಿಂದ ಬೆನ್ನು ಬೆವರುವುದಿಲ್ಲ. "ನಮ್ಮ ತಿಪಟೂರು ಕಡೆ ನಾರು ಅಕ್ಕಾ, ಫಾರಿನ್ ಅಲ್ಲ" ಅಂದರು ಭಾಯ್. ಎಲ್ಲ ಸೇರಿ 2,200 ರೂಪಾಯಿ. ನನ್ನ ಎರಡು ಮೆಮೊರಿ ಫೋಮಿಗೆ ಅದಕ್ಕಿಂತ ಜಾಸ್ತಿ ಆಗಿತ್ತು.

ಪಕ್ಕದ ಮನೆಯವರು ಹೊಸ ಕಾರಿಗೂ ದಪ್ಪ ಕವರ್ ಹಾಕಿಸಲು ಅದೇ ಅಂಗಡಿಗೆ ಹೋದರಂತೆ. ಅವರದ್ದರಲ್ಲಿ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇದೆ. ಅಂಥ ಸೀಟಿಗೆ ಪೂರ್ತಿ ಮುಚ್ಚುವ ಕವರ್ ಹಾಕಿದರೆ ಬ್ಯಾಗ್ ಹೊರಬರಲು ಅಡ್ಡಿ, ನಾನು ಹಾಕಲ್ಲ ಅಂತ ವಾಪಸ್ ಕಳಿಸಿದರಂತೆ. ಬಂದ ಗಿರಾಕಿಯನ್ನು ಕಳಿಸುವ ಅಂಗಡಿ!

ಇವತ್ತಿನ ದಾರಿ. ಬೆಳಿಗ್ಗೆ ಎಂಟಕ್ಕೆ ಸಾಗರ ಬಿಟ್ಟೆವು. ಅತ್ತೆ ಮೊದಲು ಒಳಗೆ ತಲೆ ಹಾಕಿ ಕೆಂಪು ದಿಮ್ಮಿ ನೋಡಿ "ಇದೇನು, ಮಜ್ಜಿಗೆ ಕಡೆಯೋಕಾ?" ಅಂದರು. ಕೂತು ಕಾಲಿಟ್ಟರು. ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ನನಗೆ ಸಮಾಧಾನ. ಒಂದೂವರೆ ಗಂಟೆಗೊಂದು ಸಲ ಕಡ್ಡಾಯ ನಿಲ್ಲಿಸುವುದು ಅಂತ ಈ ಸಲ ನನ್ನ ಕಾನೂನು. ಭದ್ರಾವತಿ ದಾಟಿ ಒಂದು ಕಡೆ, ಕಡೂರಿನಲ್ಲಿ ಊಟಕ್ಕೆ, ತಿಪಟೂರಿನಲ್ಲಿ ಕಾಫಿಗೆ. ಯಜಮಾನರು "ಒಂದೇ ಏಟಿಗೆ ಹೋಗ್ಬಿಡಾಣ" ಅಂದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಳಿದು ಐದು ನಿಮಿಷ ಓಡಾಡುವುದು, ಹಿಮ್ಮಡಿ ಎತ್ತಿ ಇಳಿಸುವುದು. ಮೀನಖಂಡ ಅಲ್ಲಾಡಿದರೆ ಅದೇ ಪಂಪಿನ ಹಾಗೆ ರಕ್ತ ಮೇಲೆ ತಳ್ಳುತ್ತದೆ. ಕಡೂರಿನ ಹೋಟೆಲ್ ಅಂಗಳದಲ್ಲಿ ನಿನ್ನೆಯ ಕೆಂಪು ಹಳದಿ ಬಾವುಟದ ಕೆಳಗೆ ಅತ್ತೆ ಸೊಸೆ ಇಬ್ಬರೂ ಹಿಮ್ಮಡಿ ಎತ್ತಿ ಇಳಿಸುತ್ತಿದ್ದದ್ದನ್ನು ಒಂದು ಬಸ್ಸಿನ ಜನವೆಲ್ಲ ನೋಡಿದರು.

ತಿಪಟೂರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ತೆಂಗಿನ ಸಿಪ್ಪೆಯ ಗುಡ್ಡೆ ಕಂಡಿತು. "ಅತ್ತೇ, ನಿಮ್ಮ ಬೆನ್ನ ಹಿಂದೆ ಇರೋದು ಇದೇ" ಅಂದೆ. ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಬಾಯಿ ತೆರೆದು ಗೊರಕೆ. ಕೆ.ಬಿ. ಕ್ರಾಸಿನಿಂದ ಗುಬ್ಬಿವರೆಗೆ ಗೊರಕೆ ನಿಲ್ಲಲಿಲ್ಲ.

ಮನೆ ಮುಂದೆ ಕಾರು ನಿಂತಾಗ ಮೊದಲು ಅವರ ಪಾದ ನೋಡಿದೆ. ಕಾಲುಂಗುರ ತಿರುಗಿಸಿದರೆ ಸಲೀಸಾಗಿ ತಿರುಗುತ್ತಿತ್ತು. ಅವರು ಬ್ಯಾಗು ಮಗನಿಗೆ ಬಿಟ್ಟು, ಬಗ್ಗಿ ಕೆಂಪು ದಿಮ್ಮಿಯನ್ನು ಸೀಟಿನ ಕೆಳಗಿನಿಂದ ಎಳೆದು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೊರಟರು. "ಅತ್ತೇ, ಅದು ಕಾರಿಂದು" ಅಂದೆ.

"ಟೀವಿ ಮುಂದೆ ಕೂತಾಗಲೂ ನನ್ನ ಕಾಲು ಎಟುಕಲ್ಲ ಕಣಮ್ಮ. ಕಾರಿಗೆ ಇನ್ನೊಂದು ಮಾಡಿಸ್ಕೋ."

ನಾಳೆ ಸಂಜೆ ಮತ್ತೆ ಕುಶನ್ ಅಂಗಡಿಗೆ ಹೋಗಬೇಕು.